ಹೂರಣದೊಳಗಿನ ದುಂಬಿ

ಬಹುಕಾಲದ ಹಿಂದೆ, ಚಳಿ ಬಿಡದ ಬೆಟ್ಟಗಳ ನಡುವೆ ಹಿಮವತಿ ಎಂಬ ರಾಜ್ಯವಿತ್ತು. ಹೆಸರೇನೋ ಚೆನ್ನಾಗಿತ್ತು, ಆದರೆ ಅಲ್ಲಿನ ಜನಕ್ಕೆ ನೆಮ್ಮದಿ ಇರಲಿಲ್ಲ. ಕರಾಳಕೇತು ಎಂಬ ಮಾಂತ್ರಿಕ ಬೆರಳು ಚಾಚಿದರೆ ಸಾಕು, ಎದುರಿಗಿದ್ದವರು ಕಲ್ಲಾಗುತ್ತಿದ್ದರು. ಸಂತೆಗೆ ಹೋದವರು ಸಂತೆಯಲ್ಲೇ ಕಲ್ಲು, ನೀರಿಗೆ ಹೋದವರು ಬಾವಿಕಟ್ಟೆಯಲ್ಲೇ ಕಲ್ಲು. ಅವನನ್ನು ಕಡಿದರೂ ಅವನು ಸಾಯುತ್ತಿರಲಿಲ್ಲ. ಅವನ ಪ್ರಾಣವಿದ್ದದ್ದು ಒಂದು ಕಪ್ಪು ದುಂಬಿಯಲ್ಲಿ. ಅದನ್ನು ಬೆಂಕಿ ಸುಡಬಾರದು, ನೀರು ಮುಳುಗಿಸಬಾರದು, ಕತ್ತಿ ಕತ್ತರಿಸಬಾರದು ಎಂದು ವರ ಪಡೆದಿದ್ದ. ಯಾರಾದರೂ ಕೈಯಲ್ಲಿ ಹಿಡಿದು ಹೊಸಕಿಬಿಟ್ಟರೆ ಎಂಬುದೊಂದೇ ಅವನಿಗಿದ್ದ ಭಯ. ರಾಜನ ಭಟರು ಅವನ ಗುಹೆಗಳನ್ನೆಲ್ಲ ಜಾಲಾಡುತ್ತಿದ್ದುದರಿಂದ ದುಂಬಿಗೆ ಹೊಸ ಅಡಗುತಾಣ ಬೇಕಾಗಿತ್ತು.

ಆ ಊರಲ್ಲಿ ಹೊನ್ನಾಜಿ ಎಂಬ ಹೆಂಗಸಿದ್ದಳು. ಗಂಡ ಕಾಳಿಂಗ ಕುರಿ ಕಾಯುವವನು. ಕಾಳಿಂಗನ ಅಜ್ಜಿ ಏಳು ಸಮುದ್ರದಾಚೆಯ ಜರ್ಮನ್ ನಾಡಿನಿಂದ ಬಂದವಳು. ಬರುವಾಗ ಚಿನ್ನ ತರಲಿಲ್ಲ, ಒಂದು ಅಡುಗೆ ತಂದಳು. ಅವರ ನಾಡಿನಲ್ಲಿ ಅದಕ್ಕೆ ಬೀರೋಕ್ ಎನ್ನುತ್ತಾರಂತೆ. ಹಿಮವತಿಯವರ ನಾಲಿಗೆ ಹೊರಳದೆ ಅದು ತುಂಬುಬನ್ನು ಆಯಿತು. ಹಾಲು, ಬೆಣ್ಣೆ ಹಾಕಿ ನಾದಿದ ಕಣಕ ಉಬ್ಬಬೇಕು. ಕೈಮ, ಎಲೆಕೋಸು, ಈರುಳ್ಳಿ, ಕರಿಮೆಣಸು ಬಾಡಿಸಿದ ಹೂರಣ ಪೂರ್ತಿ ಆರಬೇಕು. ಆಮೇಲೆ ಕಣಕದ ನಾಲ್ಕು ಮೂಲೆ ಎಳೆದು ಚಿವುಟಿ ಮುಚ್ಚಿ, ಬಾಯಿ ಕೆಳಗೆ ಮಾಡಿಟ್ಟು ಕಾದ ಒಲೆಗೂಡಿನಲ್ಲಿ ಬೇಯಿಸಬೇಕು. ಹೊನ್ನಾಜಿ ಮುಚ್ಚಿದ ಬನ್ನಿಗೆ ಬಾಯಿ ಎಲ್ಲಿದೆ ಎಂದು ತಿರುಗಿಸಿ ನೋಡಿದರೂ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ದಾರಿಹೋಕನೊಬ್ಬ ಬಾಗಿಲಿಗೆ ಬಂದು ಊಟ ಕೇಳಿದ. ಹೊನ್ನಾಜಿ ಬನ್ನು ಕೊಟ್ಟಳು. ಅವನು ತಿನ್ನಲಿಲ್ಲ. ತಿರುಗಿಸಿ, ಮೂಸಿ, ಉಗುರಿನಿಂದ ಕೆರೆದು ನೋಡಿದ.

"ಒಳಗೆ ಇಷ್ಟೊಂದು ತುಂಬಿದ್ದೀಯೆ. ಇದರ ಬಾಯಿ ಎಲ್ಲಿ?"

"ಮುಚ್ಚಿದೀನಲ್ಲ ಸ್ವಾಮಿ, ಇನ್ನೆಲ್ಲಿ ಕಾಣುತ್ತೆ" ಎಂದು ಹೊನ್ನಾಜಿ ನಕ್ಕಳು.

ದಾರಿಹೋಕನೂ ನಕ್ಕ. ನಗುತ್ತಲೇ, ಊಟಕ್ಕೆಂದು ಮನೆಗೆ ಬಂದಿದ್ದ ಕಾಳಿಂಗನ ಕಡೆ ಬೆರಳು ಚಾಚಿದ. ಕಾಳಿಂಗನ ಕಾಲು ಮೊಣಕಾಲಿನವರೆಗೆ ಕಲ್ಲಾಯಿತು. ಹೊಸ್ತಿಲ ಮೇಲೆ ಎರಡು ತಲೆಯ ಕಿರುಬವೊಂದು ಬಂದು ಮಲಗಿತು. ಹೊನ್ನಾಜಿಯ ಕೈಲಿದ್ದ ತಟ್ಟೆ ಕೆಳಗೆ ಬಿತ್ತು.

"ನನ್ನ ಪ್ರಾಣವನ್ನು ಇದರೊಳಗೆ ಮುಚ್ಚಿಡಬೇಕು. ಊರ ಬನ್ನುಗಳ ರಾಶಿಯಲ್ಲಿ ಒಂದು ಬನ್ನನ್ನು ಯಾವ ರಾಜ ಹುಡುಕುತ್ತಾನೆ? ಮೊದಲು ನಿನ್ನ ಕೈಚಳಕ ಪರೀಕ್ಷಿಸುತ್ತೇನೆ. ಗೆದ್ದರೆ ಗಂಡ ನಿನ್ನವನು. ಸೋತರೆ ಮನೆ ಮುಂದೆ ಒಂದು ವಿಗ್ರಹ ಇಟ್ಟುಕೋ" ಎಂದ ಕರಾಳಕೇತು.

ಮೊದಲನೆಯ ಪರೀಕ್ಷೆಗೆ ಅವನು ಬಾಯಿಂದ ಕಪ್ಪು ಹೊಗೆ ಉಗುಳಿದ. ಒಂದೆಳೆಯೂ ಸೋರದಂತೆ ಮುಚ್ಚು ಎಂದ. ಬೆಳಗ್ಗೆ ಮಾಡಿದ ಹೂರಣ ಮೊರದಲ್ಲಿ ತಣ್ಣಗಾಗಿತ್ತು. ಹೊನ್ನಾಜಿ ಹೊಗೆಯನ್ನು ಅದರ ಜೊತೆ ಸುತ್ತಿ ಚಿವುಟಿದಳು. ಬನ್ನು ಬೆಂದು ಕೆಂಪಾಯಿತು, ಹೊಗೆ ಹೊರಬರಲಿಲ್ಲ. ಆದರೂ ಕಲ್ಲು ಕಾಳಿಂಗನ ಸೊಂಟಕ್ಕೆ ಏರಿತು.

"ಗೆದ್ದೆನಲ್ಲ ಸ್ವಾಮಿ" ಎಂದಳು.

"ಪರೀಕ್ಷೆ ಇನ್ನೂ ಮುಗಿದಿಲ್ಲವಲ್ಲ" ಎಂದ.

ಎರಡನೆಯ ಪರೀಕ್ಷೆಗೆ ಕಿರುಬ ಗುರುಗುಟ್ಟಿತು. ಆ ಗುರುಗುಟ್ಟುವ ಸದ್ದನ್ನು ಕರಾಳಕೇತು ಹಿಡಿದು ಹಲಗೆಯ ಮೇಲಿಟ್ಟ. ಕಣಕದಲ್ಲಿ ಸುತ್ತಿದರೆ ಅದು ಒದ್ದಾಡಿತು, ಒಳಗಿಂದ ಗುದ್ದಿತು. ಹೊನ್ನಾಜಿ ಅಂಗೈಯಿಂದ ಅದನ್ನು ಅದುಮಿ ಹಿಡಿದಳು. ಮಿಕ್ಕ ಹೂರಣವನ್ನೆಲ್ಲ ಮೆತ್ತಿ, ಎರಡು ಪದರ ಎಳೆದು ಮುಚ್ಚಿದಳು. ಮನೆ ನಿಶ್ಶಬ್ದವಾಯಿತು. ಕಲ್ಲು ಕಾಳಿಂಗನ ಎದೆಗೆ ಬಂತು.

"ಹೊನ್ನೀ, ಉಸಿರು ಹಿಡಿದ ಹಾಗಾಗ್ತಿದೆ" ಎಂದ ಕಾಳಿಂಗ. ಅವಳಿಗೆ ಅಳು ಬಂತು. ಅಳುತ್ತ ಕೂತರೆ ಗಂಡ ಉಳಿಯುವುದಿಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂರನೆಯ ಸಲಕ್ಕೆ ಹೂರಣ ಮುಗಿದಿತ್ತು. ಹೊಸದಾಗಿ ಈರುಳ್ಳಿ, ಕೋಸು ಹೆಚ್ಚಿ, ಕೈಮ ಹಾಕಿ ಬಾಡಿಸಿದಳು. ಬಾಣಲೆ ಇಳಿಸಿ ಹೂರಣವನ್ನು ಮೊರಕ್ಕೆ ಹರಡಲು ಹೋದಾಗ ಕರಾಳಕೇತು ಅಡ್ಡ ಬಂದ. ಅವನ ಮುಷ್ಟಿಯಲ್ಲಿ ದುಂಬಿ ಗುಂಯ್‌ಗುಟ್ಟುತ್ತಿತ್ತು. ದೂರದಲ್ಲಿ ರಾಜಭಟರ ಕಹಳೆ ಕೇಳುತ್ತಿತ್ತು.

"ಹರಡುವುದೇಕೆ? ಈಗಲೇ ಮುಚ್ಚು."

"ಆರಬೇಕು ಸ್ವಾಮಿ. ಬಿಸಿ ಹೂರಣ ಮುಚ್ಚಿದ್ರೆ ಒಳಗೆ ಹಬೆ ನಿಲ್ಲುತ್ತೆ. ಆಮೇಲೆ ಕೆಡುತ್ತೆ."

"ಹೊತ್ತು ಕಳೆಯುವ ಆಟ ನನ್ನ ಹತ್ತಿರ ಬೇಡ. ಬೆಂಕಿಯೇ ನನ್ನ ದುಂಬಿಯನ್ನು ಮುಟ್ಟದು, ಅದರ ಬಿಸಿ ಏನು ಮಾಡೀತು?"

ಅವನು ಬೆರಳೆತ್ತಿದ. ಕಲ್ಲು ಕಾಳಿಂಗನ ಗದ್ದಕ್ಕೆ ಏರಿತು. ಈಗ ಅವನ ಬಾಯಿ, ಕಣ್ಣು ಮಾತ್ರ ಉಳಿದಿದ್ದವು. ಕಿರುಬ ಎದ್ದು ಬಂದು ಹೊನ್ನಾಜಿಯ ಒಂದೊಂದು ಮಣಿಕಟ್ಟನ್ನು ಒಂದೊಂದು ಬಾಯಲ್ಲಿ ಸಡಿಲವಾಗಿ ಹಿಡಿಯಿತು. ದುಂಬಿಯನ್ನು ಹೊಸಕುವ ಯೋಚನೆ ಬಂದರೆ ಕೈಯೇ ಹೋಗುತ್ತದೆ ಎಂದು ಅವಳಿಗೆ ತಿಳಿಯಿತು.

ಅವಳು ಕುದಿಯುವ ಹೂರಣವನ್ನೇ ಕಣಕದ ಮೇಲೆ ಸುರಿದಳು. ಕರಾಳಕೇತು ತಾನೇ ದುಂಬಿಯನ್ನು ನಡುವೆ ಇಟ್ಟ. ಅವಳು ಮೂಲೆ ಎಳೆದಳು. ಬೆರಳು ಸುಟ್ಟವು. ಹಿಟ್ಟು ಬೆವರತೊಡಗಿತು, ಬುಡ ತೆಳುವಾಗುತ್ತಿತ್ತು, ಒಳಗೆ ಹಬೆ ತುಂಬಿಕೊಳ್ಳುತ್ತಿರುವುದು ಅಂಗೈಗೇ ಗೊತ್ತಾಗುತ್ತಿತ್ತು.

"ಎಲ್ಲ ಸರಿಯಾಗಿದೆಯೇ?" ಎಂದ ಕರಾಳಕೇತು.

ಹೊನ್ನಾಜಿ ಗಂಡನ ಮುಖ ನೋಡಿದಳು. ಅವನ ತುಟಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. 

"ಮುಚ್ಚಿದೀನಿ ಸ್ವಾಮಿ" ಎಂದಷ್ಟೇ ಹೇಳಿ ಬನ್ನನ್ನು ಗೂಡಿಗೆ ತಳ್ಳಿದಳು.

ಬನ್ನು ಉಬ್ಬಿತು. ಇನ್ನೂ ಉಬ್ಬಿತು. ಒಳಗಿನ ಗುಂಯ್ ಸದ್ದು ಮೊದಲು ಜೋರಾಯಿತು, ಆಮೇಲೆ ಸಣ್ಣಗಾಯಿತು, ಆಮೇಲೆ ನಿಂತುಹೋಯಿತು. ಬೆಂಕಿ ಸುಡದ, ನೀರು ಮುಳುಗಿಸದ ದುಂಬಿ ಹಬೆಯಲ್ಲಿ ಬೆಂದುಹೋಯಿತು. ವರ ಕೇಳುವಾಗ ಹಬೆಯ ಮಾತು ಅವನಿಗೆ ನೆನಪಾಗಿರಲಿಲ್ಲ. ಅಡುಗೆಮನೆ ಕಡೆ ತಲೆಯೇ ಹಾಕದವನಿಗೆ ಹೇಗೆ ನೆನಪಾಗಬೇಕು?

ಫಟ್ ಎಂದು ಬನ್ನು ಸಿಡಿಯಿತು. ಕರಾಳಕೇತು ಗಂಟಲು ಹಿಡಿದುಕೊಂಡು, ನಿಂತಲ್ಲೇ ಬೂದಿಯಾಗಿ ಸುರಿದ. ಕಿರುಬ ಕುಂಯ್‌ಗುಟ್ಟುತ್ತ ಬೆಟ್ಟಕ್ಕೆ ಓಡಿತು. ಕಾಳಿಂಗ ದೊಡ್ಡ ಉಸಿರೆಳೆದು ಹೆಂಡತಿಯ ಮೇಲೆ ಒರಗಿದ. ಬೀದಿಯಲ್ಲಿ, ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ಕಲ್ಲುಗಳೆಲ್ಲ ಜನರಾಗಿ, ಒಬ್ಬರನ್ನೊಬ್ಬರು ಕೂಗಿ ಕರೆದರು.

ರಾಜ ಬಂದು ಕೇಳಿದ, "ತಾಯೀ, ಯಾವ ಮಂತ್ರದಿಂದ ಕೊಂದೆ?"

"ಮಂತ್ರ ಏನೂ ಇಲ್ಲ, ಮಹಾಪ್ರಭು. ಆರಬೇಕು ಅಂತ ಒಂದು ಸಲ ಹೇಳಿದೆ. ಅವನು ಕೇಳಲಿಲ್ಲ. ಎರಡನೇ ಸಲ ನಾನು ಹೇಳಲಿಲ್ಲ."

"ನಿನಗೆ ಹೆದರಿಕೆ ಆಗಲಿಲ್ಲವೇ?"

"ಆಯ್ತು. ಈಗಲೂ ಆಗ್ತಿದೆ" ಎಂದಳು ಹೊನ್ನಾಜಿ.  ಕಾಳಿಂಗ ಅವಳ ಸುಟ್ಟ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಅವಳ ಹೆದರಿಕೆ ಹೋಗುವವರೆಗೂ ಬಿಡಲಿಲ್ಲ. ಆಮೇಲೆ ಹಿಮವತಿಯಲ್ಲಿ ಎಲ್ಲರೂ ಸುಖವಾಗಿದ್ದರು, ಅವರಿಬ್ಬರೂ ಸುಖವಾಗಿದ್ದರು.