ಬೆರಳಗಲದ ಚೀಸ್

"ಈ ವಾರ ಹೊಟ್ಟೆ ಹೇಗಿತ್ತು?"

ಚೀಸ್ ಅಂಗಡಿಯವನು ಹಾಗೆ ಕೇಳಿದಾಗಲೆಲ್ಲ ಟೈಲರಮ್ಮನ ಕಿವಿ ಬಿಸಿಯಾಗುತ್ತಿತ್ತು. ಬೇರೆಯವರಿಗೆ ಕಣ್ಣು ಚೆಂದ, ನಗು ಚೆಂದ ಅನ್ನುತ್ತಾರೆ. ಇವಳ ಪಾಲಿಗೆ ಬಂದದ್ದು ಹೊಟ್ಟೆ. ಇರಲಿ, ಮೂವತ್ನಾಲ್ಕು ವರ್ಷದಲ್ಲಿ ಅದನ್ನಾದರೂ ಅಷ್ಟು ಅಕ್ಕರೆಯಿಂದ ಯಾರು ವಿಚಾರಿಸಿದ್ದರು?

ಮೊದಲ ಸಲ ಅವಳು ಬಂದದ್ದು ಅಕ್ಕನಿಗೆ ಚೀಸ್ ಕೊಳ್ಳಲು.

"ನಿಮಗೆ?" ಎಂದಿದ್ದ.

"ನಂಗೆ ಲೋ ಫಾಡ್‌ಮ್ಯಾಪ್ ಡಯಟ್. ಈರುಳ್ಳಿ, ಬೆಳ್ಳುಳ್ಳಿ, ಹಾಲು, ಯಾವ್ದೂ ಆಗಲ್ಲ. ತಿಂದ್ರೆ ಹೊಟ್ಟೆ ಉಬ್ಬಿ ಡೋಲಾಗತ್ತೆ."

ಅವನ ಮುಖ ಅರಳಿತು. "ಹಾಲು ಆಗಲ್ಲ ಅಂದ್ರೆ ಚೀಸೂ ಆಗಲ್ಲ ಅಂತ ಯಾರ್ರೀ ಹೇಳಿದ್ದು? ವರ್ಷಗಟ್ಟಲೆ ಮಾಗಿದ ಗಟ್ಟಿ ಚೀಸಲ್ಲಿ ಲ್ಯಾಕ್ಟೋಸ್, ಅದೇ ಹಾಲಿನ ಸಕ್ಕರೆ, ಹೆಸರಿಗಷ್ಟೇ ಇರತ್ತೆ. ಬೆರಳಗಲ ತಿಂದು ನೋಡಿ. ಗುರುವಾರ ಬಂದು ಹೇಳಿ."

ಏನೂ ಆಗಲಿಲ್ಲ. ಅಂದಿನಿಂದ ಪ್ರತಿ ಗುರುವಾರವೂ ಹೊಸದೊಂದು ತುಂಡು. ಯಾವ ಚೀಸ್, ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ ನೋವು, ಎಲ್ಲವನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಬರೆಯುತ್ತ ಕಣ್ಣೆತ್ತುತ್ತಿದ್ದ. ಅವಳು ಬೇಕೆಂದೇ ತಡವಾಗಿ ಉತ್ತರಿಸುತ್ತಿದ್ದಳು.

"ಚೀಸ್ ತರೋಕೆ ಕಣ್ಣಿಗೆ ಕಾಡಿಗೆ ಯಾಕೆ?" ಎಂದು ಅಕ್ಕ ಛೇಡಿಸುತ್ತಿದ್ದಳು.

ಹೋದ ವಾರ ಅವನು ಮೆತ್ತನೆಯ ಹಸಿ ಚೀಸಿನ ಡಬ್ಬಿ ಕೊಟ್ಟ. "ಇದು ಡೌಟು. ಚಮಚ ಸಾಕು."

ಅವಳು ಡಬ್ಬಿಯನ್ನೇ ಖಾಲಿ ಮಾಡಿದಳು. ಎರಡು ದಿನ ಮಷೀನಿನ ಮುಂದೆ ಕೂರಲಾಗಲಿಲ್ಲ. ಆದರೂ ಅವನ ಮುಖ ಸಪ್ಪಗಾಗಬಾರದು, ಚೆನ್ನಾಗಿತ್ತು ಅಂದುಬಿಡೋಣ, ಹಿಂದೆಯೇ ಮನಸ್ಸಿನ ಮಾತನ್ನೂ ಹೇಳಿಬಿಡೋಣ ಎಂದುಕೊಂಡು, ತಾನೇ ಹೊಲಿದ ಹೊಸ ಅಂಗಿ ತೊಟ್ಟು ಈ ಗುರುವಾರ ಬಂದಿದ್ದಳು.

"ಹೊಟ್ಟೆ ಆಮೇಲೆ. ನಿಮಗೊಂದು ಮಾತು ಹೇಳ್ಬೇಕಿತ್ತು," ಎಂದಳು.

"ನಂದೂ ಇದೆ, ತಡೀರಿ! ಮುಂದಿನ ತಿಂಗಳು ನನ್ನ ಮದುವೆ. ಹುಡುಗಿದೂ ಥೇಟ್ ನಿಮ್ಮದೇ ಹೊಟ್ಟೆ ಕಣ್ರೀ. ಚೀಸ್ ಅಂದ್ರೆ ಪ್ರಾಣ, ತಿನ್ನೋಕೆ ಭಯ. ನಿಮಗೆ ಒಗ್ಗಿದ್ದನ್ನ ಮಾತ್ರ ಅವಳಿಗೆ ಕೊಡ್ತಾ ಬಂದೆ. ಮದುವೆ ಊಟಕ್ಕೆ ಆ ಮೆತ್ತನೇದೇ ಬೇಕಂತೆ. ಹೇಗಿತ್ತು ಹೇಳಿ?"

ಕೌಂಟರಿನ ಗಾಜು ತಣ್ಣಗಿತ್ತು. ಅವಳು ಅದರ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಚೆನ್ನಾಗಿತ್ತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಅಂದರೆ ಸಾಕು, ಮದುವೆಯ ದಿನವೇ ಮದುಮಗಳು ಹೊಟ್ಟೆ ಹಿಡಿದುಕೊಂಡು ಮುದುಡುತ್ತಾಳೆ. ಆ ಯೋಚನೆ ಒಂದು ಕ್ಷಣ ಹಿತವಾಗಿಯೇ ಇತ್ತು. ಆಮೇಲೆ ತನ್ನ ಎರಡು ದಿನ ನೆನಪಾಯಿತು. ಆ ನೋವು ಶತ್ರುವಿಗೂ ಬೇಡ.

"ಕೊಡಬೇಡಿ," ಎಂದಳು. "ಎರಡು ದಿನ ಮೇಲೇಳೋಕೆ ಆಗ್ಲಿಲ್ಲ. ಇಡೀ ಡಬ್ಬಿ ತಿಂದಿದ್ದೆ."

"ಚಮಚ ಅಂದಿದ್ನಲ್ರೀ," ಎಂದ ಅವನು, ಬರೆಯುತ್ತಲೇ. "ಇಡೀ ಡಬ್ಬಿ ಯಾಕೆ ತಿಂದ್ರಿ?"

"ನೀವು ಕೊಟ್ಟಿದ್ದಲ್ವಾ."

ಪೆನ್ನು ನಿಂತಿತು. ಅವನು ತಲೆಯೆತ್ತಿ ಅವಳ ಮುಖವನ್ನೂ ಕಾಡಿಗೆಯನ್ನೂ ಹೊಸ ಅಂಗಿಯನ್ನೂ ಈಗ ಮೊದಲ ಬಾರಿ ಕಂಡವನಂತೆ ನೋಡಿದ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಅವಳು ಹಿಂದೆ ಕಾಯುತ್ತಿದ್ದ ಮುದುಕರಿಗೆ ಜಾಗ ಬಿಟ್ಟು ಬಾಗಿಲ ಕಡೆ ನಡೆದಳು.