ದಡದಲ್ಲಿ ಉಳಿದ ಚೆಲುವವ್ವ

ಬಹಳ ಹಿಂದಿನ ಮಾತು. ಚಂಪಾವತಿಯೆಂಬ ರಾಜ್ಯದಲ್ಲಿ ಒಂದು ದೊಡ್ಡ ಹೊಳೆ, ಆ ಹೊಳೆಯಲ್ಲಿ ಉಪ್ಪನ್ನೂ ಜನರನ್ನೂ ಸಾಗಿಸುವ ಒಂದು ನಾವೆ, ಆ ನಾವೆಗೆ ಜಟ್ಟಿಗನೆಂಬ ಅಂಬಿಗ. ಅಲ್ಲಿನ ಅಂಬಿಗರದು ಒಂದೇ ಕಟ್ಟಳೆ: ಕೊನೆಯವರು ಹತ್ತುವ ತನಕ ಅಂಬಿಗನ ಒಂದು ಕಾಲು ದಡದ ಮೇಲೇ ಇರಬೇಕು.

ಒಂದು ದಿನ ಕರಾಳಾಕ್ಷನೆಂಬ ಮಾಂತ್ರಿಕ ಬೆಂಕಿ ಉಗುಳುತ್ತ ದಡಕ್ಕೆ ಬಂದ. ಜನ ದಡಬಡ ನಾವೆ ಹತ್ತಿದರು. "ನಿಲ್ಲಪ್ಪಾ, ಬಂದೆ!" ಎಂದು ಬುಟ್ಟಿ ಹೊತ್ತ ಚೆಲುವವ್ವ ಕೂಗುತ್ತಲೇ ಇದ್ದಳು. ಆ ಗದ್ದಲದಲ್ಲಿ ಅದು ಕೇಳಿಸಿದ್ದು ಜಟ್ಟಿಗನೊಬ್ಬನಿಗೇ. ಜಟ್ಟಿಗನಿಗೆ ಜೀವ ಬಾಯಿಗೆ ಬಂದಿತ್ತು. ಕಾಲು ಒಳಗೆಳೆದುಕೊಂಡೇ ಬಿಟ್ಟ! ಮಾಂತ್ರಿಕ ಅವಳನ್ನು ಕಲ್ಲು ಮಾಡಿದ. "ಯಾರಿಗೂ ನಿಜ ಹೇಳಬೇಡ ಜಟ್ಟಿಗ, ನಿನ್ನ ಸುಳ್ಳೇ ನನಗೆ ಅನ್ನ" ಎಂದು ನಕ್ಕು, ಹೊಳೆಯನ್ನು ಗಟಗಟ ಕುಡಿದು ಹೋದ.

ನೀರಿಲ್ಲದ ಮೇಲೆ ನಾವೆ ಏನು ಮಾಡೀತು? ಜಟ್ಟಿಗ ಅದನ್ನು ದಡಕ್ಕೆಳೆದು, ಪಕ್ಕೆ ಕೊಯ್ದು ಬಾಗಿಲಿಟ್ಟ, ಉಪ್ಪಿನ ಮೂಟೆಯಿದ್ದಲ್ಲಿ ಚಾಪೆ ಹಾಸಿದ, ಹಿಂಬದಿಯಲ್ಲಿ ಒಲೆ ಹೂಡಿದ. ದಾರಿಹೋಕರಿಗೆ ಗಂಜಿಯೂ ಆಯಿತು, ಮಲಗಲು ಜಾಗವೂ ಆಯಿತು. "ಎಂಥ ಪುಣ್ಯಾತ್ಮನಯ್ಯ!" ಎಂದು ಅವರು ಹೊಗಳಿದಾಗೆಲ್ಲ ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು ಅವನಿಗೆ.

ಮೊದಲು ಮಾತಾಡುವ ಹುಲಿಯೊಂದು ತಂಗಲು ಬಂತು. "ಅಂಬಿಗಣ್ಣ, ಈ ನಾವೆ ಯಾಕೆ ಛತ್ರವಾಯಿತು?"

"ಹಲಗೆ ಲಡ್ಡಾಯಿತು" ಎಂದ. ದಡದ ಕಲ್ಲು ಮೊಣಕಾಲವರೆಗೆ ಮರಳಲ್ಲಿ ಹೂತಿತು.

ಆಮೇಲೆ ಏಳು ಹೆಡೆಯ ಹಾವು ಬಂದು ಅದನ್ನೇ ಕೇಳಿತು. "ನನಗೇ ದುಡಿದು ಸಾಕಾಯಿತು" ಎಂದ. ಕಲ್ಲು ಎದೆಯವರೆಗೆ ಹೂತಿತು. ಅಯ್ಯೋ ಪಾಪಿ, ಕಣ್ಣಾರೆ ಕಂಡೂ ಬಾಯಿ ಬಿಡಲಿಲ್ಲವಲ್ಲ! ಅಷ್ಟು ನಾಚಿಕೆ. ಇನ್ನೊಂದು ಸುಳ್ಳು ಹೇಳಿದರೆ ಅವಳ ತಲೆಯೂ ಮುಚ್ಚಿಹೋಗುತ್ತದೆಂದು ಅವನಿಗೆ ಗೊತ್ತಿತ್ತು.

ಮೂರನೆಯದಾಗಿ ಬಂದವಳು ಚೆಲುವವ್ವನ ಮಗಳು ಸಿಂಗಾರಿ. "ಮಾವಾ, ನಿಮ್ಮ ನಾವೆ ಹತ್ತುತ್ತೇನೆಂದು ಹೊರಟ ನಮ್ಮವ್ವ ಮನೆಗೇ ಬರಲಿಲ್ಲ. ಎಲ್ಲಾದರೂ ಕಂಡಿರಾ?"

ಗಂಜಿ ಬಡಿಸುತ್ತಿದ್ದವನು ಸೌಟು ಕೆಳಗಿಟ್ಟ. ಉಣ್ಣುತ್ತಿದ್ದವರು, "ಕೇಳಮ್ಮ, ಕೇಳು. ದೇವರಂಥ ಮನುಷ್ಯ" ಎಂದರು.

"ದೇವರಲ್ಲ ಕಣ್ರಪ್ಪಾ, ಹೇಡಿ!" ಎಂದು ಜಟ್ಟಿಗ ಕುಸಿದು ಕೂತ. "ನಿಮ್ಮವ್ವ ಕೂಗಿದಳು ಮಗಳೇ. ನನಗೆ ಕೇಳಿಸಿತು. ಕೇಳಿಸಿಯೂ ಬಿಟ್ಟು ಹೋದೆ. ಅಗೋ, ಆ ಮರಳಲ್ಲಿ ಹೂತಿರುವ ಕಲ್ಲೇ ನಿಮ್ಮವ್ವ."

ಛತ್ರದಲ್ಲೇ ತಂಗಿದ್ದ ಹಾವು ಏಳೂ ಹೆಡೆ ತಗ್ಗಿಸಿತು.

ಅತ್ತ ಕರಾಳಾಕ್ಷ, ಆ ನಿಜ ಅರಗದೆ, ಹೊಟ್ಟೆ ಬಿರಿದು ಸತ್ತ. ಕುಡಿದಿದ್ದ ಹೊಳೆಯೆಲ್ಲ ಹರಿದು ಬಂತು. ಹುಲಿ, ಹಾವುಗಳು ಅವನ ಮಾಟ ಕಳಚಿ ಮನುಷ್ಯರಾದವು. ಚೆಲುವವ್ವ ಮರಳು ಕೊಡವಿಕೊಂಡು ಎದ್ದು ಮಗಳನ್ನು ತಬ್ಬಿಕೊಂಡಳು. ಜಟ್ಟಿಗ ಅವಳ ಕಾಲಿಗೆ ಬಿದ್ದ.

"ಅತ್ತದ್ದು ಸಾಕು, ಏಳು" ಎಂದಳು ಅವಳು. "ಹೊಟ್ಟೆ ಚುರುಗುಟ್ಟುತ್ತಿದೆ. ಮೊದಲು ಗಂಜಿ ಹಾಕು."

ರಾಜ್ಯವೆಲ್ಲ ಸುಖವಾಯಿತು. ಪಕ್ಕೆ ಕೊಯ್ದ ನಾವೆ ಮತ್ತೆ ತೇಲೀತೇ? ಅದು ದಡದ ಛತ್ರವಾಗಿಯೇ ಉಳಿಯಿತು. ಚೆಲುವವ್ವ ದಿನಾ ಬಂದು ಉಂಡು ಹೋಗುವಳು. ಜಟ್ಟಿಗ ತಲೆ ತಗ್ಗಿಸಿಕೊಂಡೇ ಬಡಿಸುವನು.

"ನನ್ನ ಮುಖ ನೋಡಿ ಬಡಿಸೋ ಮಾರಾಯ, ಗಂಜಿ ನೆಲದ ಪಾಲಾಗುತ್ತಿದೆ!" ಎಂದು ಅವಳು ಒಂದು ದಿನ ಗದರಿದಳು.

ಅವನು ನೋಡಿದ. ಅವಳು ನಗುತ್ತಿದ್ದಳು.