‘ಗೊತ್ತಿಲ್ಲ’ ಎಂದು ಬರೆದವಳು

“ಗೊತ್ತಿಲ್ಲ!”

ತರಬೇತುದಾರ ಅವಳ ಉತ್ತರವನ್ನು ಗಟ್ಟಿಯಾಗಿ ಓದಿದ್ದೇ ತಡ, ಹೋಟೆಲಿನ ಸಿಬ್ಬಂದಿಯೆಲ್ಲ ಗೊಳ್ಳೆಂದು ನಕ್ಕರು.

ಪ್ರಶ್ನೆ ಇಷ್ಟೇ. ಸೂಪ್‌ನಲ್ಲಿ ಗೋಡಂಬಿ ಇದೆಯೇ ಎಂದು ಗ್ರಾಹಕರು ಕೇಳಿದರೆ ಏನು ಹೇಳುತ್ತೀರಿ? ಹನ್ನೊಂದು ಜನ ‘ಇಲ್ಲ’ ಎಂದು ಬರೆದಿದ್ದರು. ಅವಳೊಬ್ಬಳೇ, ‘ಗೊತ್ತಿಲ್ಲ, ಅಡುಗೆಮನೆಯಲ್ಲಿ ವಿಚಾರಿಸಿ ಹೇಳ್ತೀನಿ’ ಎಂದಿದ್ದಳು.

“ಇದನ್ನ ಯಾಕೆ ಓದಿದೆ ಅಂದ್ರೆ…”

ಅವನ ಮಾತು ಮುಗಿಯುವ ಮೊದಲೇ ಅವಳು ಎದ್ದು ಓಡಿದ್ದಳು.

ವಾರದಿಂದ ಅಲರ್ಜಿಯ ಪಾಠ ಹೇಳುತ್ತಿದ್ದ ಆ ‘ಮೇಷ್ಟ್ರು’ ಅವಳಿಗೆ ಎಷ್ಟು ಹಿಡಿಸಿದ್ದ! ಅವನೇ ಎಲ್ಲರೆದುರು ಮಾನ ಕಳೆದನಲ್ಲ… ಪಾತ್ರೆ ತೊಳೆಯುವ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಮೂರು ದಿನ ಕಳೆಯಿತು. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಒಬ್ಬ ತಾಯಿ ಪುಟ್ಟ ಮಗಳೊಂದಿಗೆ ಬಂದು ಕೂತರು.

“ಸೂಪ್‌ಗೆ ಗೋಡಂಬಿ ಹಾಕ್ತೀರಾ? ಒಂದು ಚೂರು ಹೊಟ್ಟೆಗೆ ಹೋದ್ರೂ ಇವಳಿಗೆ ಉಸಿರು ಕಟ್ಟುತ್ತೆ.”

“ಇಲ್ಲ, ಇಲ್ಲ, ಹಾಕಲ್ಲ!” ಗಲ್ಲಾದಿಂದಲೇ ಮಾಲೀಕರು ಕೂಗಿದರು. ಅವರು ಅವಳ ಸ್ವಂತ ಚಿಕ್ಕಪ್ಪ. “ನೀನು ಬಡಿಸು ಮಗಳೇ!”

ಹೆಜ್ಜೆ ಮುಂದಿಟ್ಟವಳು ತಟ್ಟನೆ ನಿಂತಳು. ಮತ್ತೆ ನಗ್ತಾರೆ… ನಗಲಿ!

“ಒಂದು ನಿಮಿಷ ಇರಿ ಅಕ್ಕಾ, ನೋಡ್ಕೊಂಡು ಬರ್ತೀನಿ.”

“ಹಾಕಿಲ್ಲ ಅಂದ್ನಲ್ಲಮ್ಮ, ತಲೆ ತಿನ್ಬೇಡ!” ಅಡುಗೆಮನೆಯಲ್ಲಿ ಅಡುಗೆಯವರು ಸೌಟು ಝಳಪಿಸಿದರು.

ಅವಳು ಕಸದ ಬುಟ್ಟಿಗೇ ಕೈ ಹಾಕಿದಳು. ಸೂಪ್ ಗಟ್ಟಿಯಾಗಲೆಂದು ಬೆರೆಸುವ ಪುಡಿಯ ಪೊಟ್ಟಣ ಸಿಕ್ಕಿತು. ಅಂದು ಬೆಳಿಗ್ಗೆಯಷ್ಟೇ ತಂದ ಹೊಸ ಕಂಪನಿಯದು. ಹಿಂಬದಿಯಲ್ಲಿ ಇರುವೆಯಂಥ ಅಕ್ಷರಗಳು: ಗೋಡಂಬಿ ಪುಡಿ!

ಪೊಟ್ಟಣ ತಂದು ತೋರಿಸಿದಾಗ ಆ ತಾಯಿ ಅವಳ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಚಿಕ್ಕಪ್ಪ ಬೆವರೊರೆಸಿಕೊಳ್ಳುತ್ತಾ ಎದ್ದು ಬಂದರು.

“ತಪ್ಪಾಯ್ತು ತಾಯಿ…” ಎಂದವರು ಸಿಬ್ಬಂದಿಯತ್ತ ತಿರುಗಿದರು. “ಇವತ್ತಿಂದ ಅಲರ್ಜಿ ವಿಷಯದಲ್ಲಿ ಇವಳ ಮಾತೇ ಕೊನೆ ಮಾತು. ನನಗೂ ಅಷ್ಟೇ!”

ಅಂದು ನಕ್ಕಿದ್ದವರೇ ಈಗ ಚಪ್ಪಾಳೆ ತಟ್ಟಿದರು. ಅಡುಗೆಯವರದೇ ಎಲ್ಲರಿಗಿಂತ ಜೋರು!

ಸುದ್ದಿ ತಿಳಿದು ಸಂಜೆ ತರಬೇತುದಾರ ಓಡೋಡಿ ಬಂದ.

“ಅವತ್ತು ನೀವು ಪೂರ್ತಿ ಕೇಳ್ಲಿಲ್ಲ. ಹನ್ನೆರಡು ಜನರಲ್ಲಿ ಸರಿ ಉತ್ತರ ನಿಮ್ಮದೊಂದೇ ಅಂತ ಹೇಳೋಕೆ ಹೊರಟಿದ್ದೆ. ಹೊಗಳೋಕೆ ಹೋಗಿ ಅಳಿಸ್ಬಿಟ್ಟೆ…”

ಅವಳ ಎದೆ ಹಗುರಾಯಿತು. ಆದರೂ ಹುಬ್ಬು ಗಂಟಿಕ್ಕಿದಳು.

“ಮತ್ತೆ ಮೂರು ದಿನ ಯಾಕೆ ಬರ್ಲಿಲ್ಲ?”

“ಧೈರ್ಯ ಇರ್ಲಿಲ್ಲ.”

“ಈಗ ಬಂತಾ?”

“ಈಗ್ಲೂ ಇಲ್ಲ. ಆದ್ರೂ ಹೇಳ್ಬಿಡ್ತೀನಿ…” ಅವನ ದನಿ ಪಿಸುಮಾತಾಯಿತು. “ನೀವಂದ್ರೆ ನನಗೆ ಪ್ರಾಣ.”

ಅವಳ ಕಣ್ಣು ತುಂಬಿ ಬಂತು.

“ಇನ್ನೂ ಸ್ವಲ್ಪ ಜೋರಾಗಿ ಹೇಳಿ ಮೇಷ್ಟ್ರೇ… ಚಿಕ್ಕಪ್ಪನಿಗೂ ಕೇಳಿಸ್ಲಿ!”